ಸಿ ಮೇಷ್ಟ್ರ ಏಣಿ

ಆ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಗಣಿತ ಹೇಳುವವರು ಮೂವರಿದ್ದರು. ಎ ವಿಭಾಗಕ್ಕೊಬ್ಬರು, ಬಿ ವಿಭಾಗಕ್ಕೊಬ್ಬರು, ಸಿ ವಿಭಾಗಕ್ಕೊಬ್ಬರು. ಮೂರನೆಯವರು ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಹಲಗೆಯ ಮುಂದೆ ನಿಂತು ನಿಂತು ಕೊನೆಗೆ ಸಿ ಮೇಷ್ಟ್ರು ಎಂದೇ ಆಗಿಹೋಗಿದ್ದರು. ಮಕ್ಕಳು ಹಾಗೆ ಕರೆಯುತ್ತಿದ್ದರು, ಮಕ್ಕಳ ಅಪ್ಪ ಅಮ್ಮಂದಿರು ಹಾಗೆ ಕರೆಯುತ್ತಿದ್ದರು, ಗೇಟು ಕಾಯುವವನು ಹಾಗೆ ಕರೆಯುತ್ತಿದ್ದ. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೂತು ಸಂಜೆ ತಲೆನೋವು ಹೊತ್ತು ಬರುವ ಅವರ ಹೆಂಡತಿ ಕೂಡ ಸಿಟ್ಟು ಬಂದ ದಿನ, 'ಸಿ ಮೇಷ್ಟ್ರೇ, ಊಟಕ್ಕೆ ಏಳಿ' ಅನ್ನುವುದಿತ್ತು.

ಶಾಲೆಯಲ್ಲಿ ಮಕ್ಕಳನ್ನು ಭಾಗ ಮಾಡುವ ಕ್ರಮ ಬಹಳ ಸರಳವಾಗಿತ್ತು. ಒಂಬತ್ತನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದ ಅಂಕವನ್ನು ಮೇಲಿನಿಂದ ಕೆಳಕ್ಕೆ ಬರೆಯುವುದು, ಮೊದಲ ನಲವತ್ತು ಎ, ಮುಂದಿನ ನಲವತ್ತು ಬಿ, ಉಳಿದವರೆಲ್ಲ ಸಿ. ಬೇರೆ ಯಾವ ವಿಷಯವನ್ನೂ ನೋಡುತ್ತಿರಲಿಲ್ಲ. ಲೆಕ್ಕ ಬಂದವನಿಗೆ ಬುದ್ಧಿ ಇದೆ, ಬಾರದವನಿಗೆ ಇಲ್ಲ ಎಂದು ಯಾವ ಕಾಲದಲ್ಲೋ ಯಾರೋ ತೀರ್ಮಾನ ಮಾಡಿ ಹೋಗಿದ್ದರು, ಆಮೇಲೆ ಬಂದವರು ಅದನ್ನು ಮುಟ್ಟಲು ಹೋಗಲಿಲ್ಲ. ಎ ವಿಭಾಗ ಮಹಡಿಯ ಮೇಲೆ, ನಾಲ್ಕು ಕಿಟಕಿಯ ಕೋಣೆಯಲ್ಲಿ. ಬಿ ವಿಭಾಗ ಆಫೀಸಿನ ಪಕ್ಕದಲ್ಲಿ. ಸಿ ವಿಭಾಗ ಹಿಂದುಗಡೆ, ನೀರಿನ ಪಂಪಿನ ಮನೆಗೆ ಅಂಟಿಕೊಂಡು. ಮೂರನೇ ಪೀರಿಯಡ್ಡಿಗೆ ಸರಿಯಾಗಿ ಪಂಪು ಶುರುವಾದರೆ ಮೇಷ್ಟ್ರು ಹೇಳಿದ್ದು ಮೂರನೇ ಬೆಂಚು ದಾಟುತ್ತಿರಲಿಲ್ಲ. ತಲೆಗೆ ಹತ್ತುವುದು ಕಷ್ಟ ಅನ್ನುವ ಮಕ್ಕಳನ್ನೇ ಹುಡುಕಿ ಹುಡುಕಿ ಅಲ್ಲಿ ಕೂರಿಸಿದ್ದರಲ್ಲ, ಆ ಜಾಣತನವನ್ನು ಮೆಚ್ಚಬೇಕು.

ಸಿ ವಿಭಾಗಕ್ಕೆ ಪಾಠವೂ ಕಡಿಮೆ. ಪುಸ್ತಕದಲ್ಲಿ ಹದಿನಾಲ್ಕು ಅಧ್ಯಾಯ. ಪಾಸಾಗಲು ಮೊದಲ ಎಂಟು ಸಾಕು, ಉಳಿದ ಆರನ್ನು ಹೇಳಿ ಮಕ್ಕಳ ತಲೆ ಕೆಡಿಸಬೇಡಿ ಎಂದು ಮೇಷ್ಟ್ರಿಗೆ ಮೊದಲ ವರ್ಷವೇ ಹೇಳಿದ್ದರು. ಅವರು ಚಾಚೂ ತಪ್ಪದೆ ಪಾಲಿಸಿದರು. ಅವರ ಪುಸ್ತಕವನ್ನು ಪಕ್ಕದಿಂದ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಮೊದಲರ್ಧದ ಹಾಳೆಗಳ ಅಂಚು ಸೀಮೆಸುಣ್ಣ, ಬೆವರು, ಹೆಬ್ಬೆಟ್ಟಿನ ಜಿಡ್ಡು ಕುಡಿದು ಕಂದಾಗಿತ್ತು. ಉಳಿದರ್ಧ ಅಚ್ಚಿನ ಮನೆಯಿಂದ ಬಂದ ಹಾಗೇ ಬೆಳ್ಳಗಿತ್ತು.

ಇಷ್ಟಾದರೆ ಮೇಷ್ಟ್ರು ಹೇಗೋ ಹೊಂದಿಕೊಳ್ಳುತ್ತಿದ್ದರು. ಅವರ ಬೆನ್ನು ಮುರಿದದ್ದು ಏಣಿ. ಅರ್ಧ ವರ್ಷದ ಪರೀಕ್ಷೆ ಮುಗಿದ ಮೇಲೆ ಸಿ ವಿಭಾಗದಲ್ಲಿ ಎಲ್ಲರಿಗಿಂತ ಮುಂದಿದ್ದವರ ಅಂಕ ಬಿ ವಿಭಾಗದಲ್ಲಿ ಎಲ್ಲರಿಗಿಂತ ಹಿಂದಿದ್ದವರ ಅಂಕಕ್ಕಿಂತ ಹೆಚ್ಚಿದ್ದರೆ ಇಬ್ಬರೂ ಜಾಗ ಬದಲಿಸಬೇಕು. ಇದಕ್ಕೆ ಶಾಲೆಯಲ್ಲಿ ಏಣಿ ಎನ್ನುತ್ತಿದ್ದರು. ಮಕ್ಕಳಿಗೆ ಹುರುಪು ಬರಲಿ ಎಂದು ಮಾಡಿದ್ದಂತೆ. ಮೇಲೆ ಹೋದ ಮಗುವಿಗೆ ಹುರುಪು ಬರುತ್ತಿತ್ತೋ ಏನೋ. ಇಲ್ಲಿ ನಡೆಯುತ್ತಿದ್ದದ್ದು ಬೇರೆ. ಮೇಷ್ಟ್ರು ಆರು ತಿಂಗಳು ಗಂಟಲು ಹರಿದುಕೊಂಡು ಒಂದು ಮಗುವನ್ನು ದಡ ಮುಟ್ಟಿಸಿದರೆ ಆ ಮಗು ಬಿ ವಿಭಾಗದ ಲೆಕ್ಕಕ್ಕೆ ಸೇರುತ್ತಿತ್ತು, ಅಲ್ಲಿ ಮುಳುಗುತ್ತಿದ್ದದ್ದು ಇಲ್ಲಿಗೆ ಬರುತ್ತಿತ್ತು. ವರ್ಷದ ಕೊನೆಗೆ ಫಲಿತಾಂಶ ನೋಡಲು ಬರುವ ಇನ್ಸ್‌ಪೆಕ್ಟರು ಪ್ರತಿ ಸಲವೂ ಒಂದೇ ಮಾತು ಬರೆದು ಹೋಗುತ್ತಿದ್ದರು: ಸಿ ವಿಭಾಗದ ಶಿಕ್ಷಕರು ಇನ್ನಷ್ಟು ಶ್ರಮ ವಹಿಸಬೇಕು. ಹದಿನೈದು ವರ್ಷ ಆ ವಾಕ್ಯ ಓದಿದ ಮೇಲೆ ಮೇಷ್ಟ್ರಿಗೆ ಅದು ಉರಿಯುವುದೂ ನಿಂತುಹೋಗಿತ್ತು. ಸಂಜೆ ಮನೆಗೆ ಬಂದು ಹಿಮ್ಮಡಿಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಅವರ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಆ ಹುಡುಗಿ ಬಂದಳು.

ಅವಳ ಅಮ್ಮ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಒಂಬತ್ತನೇ ತರಗತಿಯ ನಡುವೆ ಮನೆ ಬದಲಾಯಿಸಿ, ಶಾಲೆ ಬದಲಾಯಿಸಿ, ಅರ್ಧ ಪಾಠ ಅಲ್ಲಿ ಅರ್ಧ ಇಲ್ಲಿ ಆಗಿ ಹುಡುಗಿ ಪಟ್ಟಿಯಲ್ಲಿ ಕೆಳಗಿಳಿದಿದ್ದಳು. ಮೊದಲ ತಿಂಗಳು ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎರಡನೇ ತಿಂಗಳು ಪಕ್ಕದವಳಿಗೆ ಪಿಸುಮಾತಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಮೂರನೇ ತಿಂಗಳ ಹೊತ್ತಿಗೆ ಊಟದ ಬಿಡುವಿನಲ್ಲಿ ಅವಳ ಬೆಂಚಿನ ಸುತ್ತ ಹತ್ತು ಹನ್ನೆರಡು ಜನ. ಎಲ್ಲರೂ ಅವಳಿಗೆ ಪುಟ್ಟ ಟೀಚರ್ ಎಂದು ಹೆಸರಿಟ್ಟರು. ಮೇಷ್ಟ್ರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸಮ ಅನ್ನುವ ಗೆರೆಯ ಆಚೆಗೆ ಹೋಗುವ ಸಂಖ್ಯೆ ಗಡಿ ದಾಟುವ ಕಳ್ಳನ ಹಾಗೆ, ವೇಷ ಬದಲಿಸದೆ ಹೋದರೆ ಸಿಕ್ಕಿಬೀಳುತ್ತದೆ ಎಂದು ಅವಳು ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರಿಗೆ ಅಂಥದ್ದೊಂದು ಮಾತು ಹೊಳೆದಿರಲಿಲ್ಲ. ಅಲ್ಲೇ ಕದ್ದುಕೊಂಡು ಮಾರನೆಯ ದಿನ ಹಲಗೆಯ ಮುಂದೆ ತಮ್ಮದೇ ಎಂಬಂತೆ ಹೇಳಿದರು. ಹುಡುಗಿ ತಲೆ ತಗ್ಗಿಸಿ ನಕ್ಕಳು.

ಮೊದಲ ಕಿರುಪರೀಕ್ಷೆಯಲ್ಲಿ ನಲವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಜನ ಪಾಸಾಗಿದ್ದರು. ಮೂರನೆಯದರಲ್ಲಿ ಮೂವತ್ತು. ಮೇಷ್ಟ್ರು ಎರಡು ಸಲ ಎಣಿಸಿದರು. ಅವರು ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಹೊರಡಲು ಶುರುಮಾಡಿದ್ದನ್ನು ಹೆಂಡತಿ ಗಮನಿಸಿದರು. ಈ ಹುಡುಗಿ ಕೊನೆಯ ಪರೀಕ್ಷೆಯವರೆಗೆ ಇಲ್ಲೇ ಇದ್ದರೆ ಮೂವತ್ತೈದು ಜನ ಪಾಸಾಗುತ್ತಾರೆ. ಒಂದೇ ಒಂದು ವರ್ಷ ತಮ್ಮ ತರಗತಿ ತಮ್ಮ ಹತ್ತಿರವೇ ಉಳಿಯಬೇಕು, ಇನ್ಸ್‌ಪೆಕ್ಟರು ಆ ವಾಕ್ಯ ಬರೆಯಲಾಗದೆ ಪೆನ್ನು ಹಿಡಿದು ಕೂರಬೇಕು. ಇದಕ್ಕಿಂತ ದೊಡ್ಡ ಆಸೆಯೇನೂ ಅವರಿಗೆ ಇರಲಿಲ್ಲ. ಆದರೆ ಏಣಿ ಇತ್ತಲ್ಲ. ಅರ್ಧ ವರ್ಷದ ಪರೀಕ್ಷೆ ಹತ್ತಿರ ಬಂದಂತೆ ಮೇಷ್ಟ್ರಿಗೆ ಅವಳು ಸರಿ ಉತ್ತರ ಹೇಳಿದಾಗಲೆಲ್ಲ, ಇವಳು ಒಂದೆರಡನ್ನಾದರೂ ತಪ್ಪಬಾರದೇ ಎಂಬ ಆಸೆ ಹುಟ್ಟುತ್ತಿತ್ತು. ಮೇಷ್ಟ್ರಾದವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ಅವರಿಗೇ ಅನಿಸುತ್ತಿತ್ತು, ಆದರೂ ಆಸೆ ಬಿಡಲಿಲ್ಲ.

ಪರೀಕ್ಷೆ ಆಯಿತು. ಪ್ರಶ್ನೆಪತ್ರಿಕೆ ಮೂರು ವಿಭಾಗಕ್ಕೂ ಒಂದೇ, ತಿದ್ದುವುದು ಮಾತ್ರ ಅವರವರ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಊಟದ ಮೇಜನ್ನು ಒರೆಸಿ ಮೇಷ್ಟ್ರು ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತರು. ಹುಡುಗಿಯದನ್ನು ಕೊನೆಗೆ ಇಟ್ಟುಕೊಂಡಿದ್ದರು. ಕೆಂಪು ಪೆನ್ನಿನಿಂದ ಒಂದೊಂದೇ ಗುರುತು ಹಾಕುತ್ತ ಹೋಗಿ ಕೂಡಿದರೆ ಎಂಬತ್ತಕ್ಕೆ ಮೂವತ್ತೆಂಟು. ಬಿ ವಿಭಾಗದ ಕೊನೆಯ ಅಂಕ ನಲವತ್ತಮೂರು ಎಂದು ಶನಿವಾರವೇ ತಿಳಿದಿತ್ತು. ಸಿ ವಿಭಾಗದ ಬೇರೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅಂದರೆ ಈ ಸಲ ಏಣಿ ಹತ್ತುವವರೇ ಇಲ್ಲ.

ಮೇಷ್ಟ್ರಿಗೆ ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ ಅವರು ಪತ್ರಿಕೆಯನ್ನು ಮತ್ತೆ ತೆರೆದರು.

ತಪ್ಪುಗಳ ವಿಷಯದಲ್ಲಿ ಸಿ ಮೇಷ್ಟ್ರದು ಎತ್ತಿದ ಕೈ. ಸರಿ ಉತ್ತರ ಎಲ್ಲರದೂ ಒಂದೇ ಥರ ಇರುತ್ತದೆ. ತಪ್ಪು ಹಾಗಲ್ಲ, ಅದರಲ್ಲಿ ಮಗುವಿನ ಮುಖ ಕಾಣುತ್ತದೆ. ಅವಸರದವನ ತಪ್ಪು ಬೇರೆ, ಹೆದರಿದವನ ತಪ್ಪು ಬೇರೆ, ಪಕ್ಕದವನನ್ನು ನೋಡಿ ಬರೆದವನದು ಬೇರೆ. ಪತ್ರಿಕೆಯ ಮೇಲಿನ ಸಂಖ್ಯೆ ಮುಚ್ಚಿದರೂ ತಪ್ಪು ನೋಡಿ ಇದು ಇಂಥವನದು ಎಂದು ಅವರು ಹೇಳಬಲ್ಲವರಾಗಿದ್ದರು. ಈ ಪತ್ರಿಕೆಯ ತಪ್ಪುಗಳಿಗೆ ಮಾತ್ರ ಮುಖವೇ ಇರಲಿಲ್ಲ. ಏಳೆಂಟಲೆ ಐವತ್ತನಾಲ್ಕು ಎಂದು ಮೂರು ಕಡೆ ಬರೆದಿತ್ತು. ಅದೂ ಲೆಕ್ಕದ ಕೊನೆಯ ಸಾಲಿನಲ್ಲೇ, ಮೇಲಿನದೆಲ್ಲ ನೆಟ್ಟಗಿದ್ದು. ಗಡಿ ದಾಟುವ ಕಳ್ಳನ ಕಥೆ ಕಟ್ಟಿದವಳೇ ಎರಡು ಕಡೆ ಚಿಹ್ನೆ ಬದಲಿಸಲು ಮರೆತಿದ್ದಳು. ಮೇಷ್ಟ್ರು ಕೊನೆಯ ಹಾಳೆ ತಿರುವಿದರು. ಕಚ್ಚಾ ಕೆಲಸಕ್ಕೆ ಬಿಟ್ಟ ಪುಟ ಅದು, ಅದಕ್ಕೆ ಅಂಕ ಕೊಡುವ ಪದ್ಧತಿ ಇಲ್ಲ, ಯಾರೂ ನೋಡುವುದೂ ಇಲ್ಲ. ಸಿ ವಿಭಾಗದಲ್ಲಿ ಹೇಳದ ಅಧ್ಯಾಯಗಳ ಎರಡು ಮೂರು ಪ್ರಶ್ನೆ ಬಿಟ್ಟರೆ ಅಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಲೆಕ್ಕಗಳೂ ಇದ್ದವು. ಒಂದೂ ತಪ್ಪಿರಲಿಲ್ಲ. ಮೊದಲು ಸರಿಯಾಗಿ ಮಾಡಿಕೊಂಡು, ಆಮೇಲೆ ಎಚ್ಚರಿಕೆಯಿಂದ ಕೆಡಿಸಿ ನಕಲು ಮಾಡಿದ್ದಳು.

ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಮೇಷ್ಟ್ರು ಎಲ್ಲವನ್ನೂ ಹೇಳಿದರು.  ಗೆಳತಿಯರನ್ನು ಬಿಟ್ಟು ಹೋಗಬಾರದು ಎಂದು ಒಂದು ಮಗು ಇಷ್ಟು ಮಾಡುತ್ತದಲ್ಲ, ಮೂವತ್ತೆಂಟೇ ಇರಲಿ ಎಂದುಕೊಂಡು ಸುಮ್ಮನಿದ್ದರೆ ಯಾರಿಗೇನು ನಷ್ಟ, ಇಡೀ ತರಗತಿ ಪಾಸಾಗುತ್ತದೆ ಎಂದೆಲ್ಲ ಅಂದರು. ಹೆಂಡತಿ ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟು, "ಗೆಳತಿಯರಿಗೋಸ್ಕರ ಅಂತ ಅವಳು ಹೇಳಿದ್ಲಾ, ನೀವೇ ಅಂದ್ಕೊಂಡ್ರಾ?" ಎಂದರು.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

ಸೋಮವಾರ ಕೊನೆಯ ಗಂಟೆ ಹೊಡೆದ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡರು. ಗೆಳತಿಯರಿಬ್ಬರು ಬಾಗಿಲ ಹೊರಗೆ ಕಾಯುತ್ತಿದ್ದರು. ಪಂಪು ನಿಂತಿದ್ದರಿಂದ ಕೋಣೆ ಎಂದೂ ಇಲ್ಲದಷ್ಟು ಮೌನವಾಗಿತ್ತು.

"ಏಳೆಂಟಲೆ ಎಷ್ಟಮ್ಮ?"

"ಐವತ್ತಾರು ಸರ್."

ಮೇಷ್ಟ್ರು ಪತ್ರಿಕೆಯನ್ನು ಅವಳ ಮುಂದೆ ತಿರುಗಿಸಿ ಕೊನೆಯ ಹಾಳೆ ತೋರಿಸಿದರು. ಅವಳು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಮೇಷ್ಟ್ರು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತು ಶುರುಮಾಡಿದರು. ಸ್ನೇಹ ದೊಡ್ಡದು, ತಮಗೆ ಅರ್ಥವಾಗುತ್ತದೆ, ಜೊತೆಯವರಿಗಾಗಿ ತನ್ನದನ್ನು ಬಿಟ್ಟುಕೊಡುವ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದೆಲ್ಲ ಹೇಳುತ್ತಿದ್ದವರನ್ನು ಅವಳು ನಡುವೆಯೇ ತಡೆದಳು.

"ಅದಕ್ಕಲ್ಲ ಸರ್."

"ಮತ್ತೆ?"

"ಇಲ್ಲಿ ನಾನು ಮೊದಲನೆಯವಳು. ಅಲ್ಲಿಗೆ ಹೋದ್ರೆ ಕೊನೆಯವಳಾಗ್ತೀನಿ. ಒಂಬತ್ತನೇ ಅಧ್ಯಾಯದಿಂದ ಮುಂದಕ್ಕೆ ನನಗೆ ಏನೂ ಗೊತ್ತಿಲ್ಲ. ಅವರೆಲ್ಲ ಆಗಲೇ ಮಾಡಿ ಮುಗಿಸಿದಾರೆ." ಸ್ವಲ್ಪ ತಡೆದು ಮತ್ತೆ ಹೇಳಿದಳು. "ನೀವೂ ಹೋಗಲಿಲ್ವಲ್ಲ ಸರ್. ಕರೆದ್ರೂ ಹೋಗದೆ ನಮ್ಮಂಥವರಿಗೋಸ್ಕರ ಇಲ್ಲೇ ಉಳಿದ್ರಿ ಅಂತ ಎಲ್ಲರೂ ಹೇಳ್ತಾರೆ."

ಮೇಷ್ಟ್ರು ಪತ್ರಿಕೆಯನ್ನು ಮಡಿಸಿದರು. ನಾಳೆ ನೋಡೋಣ ಎಂದು ಅವಳನ್ನು ಕಳಿಸಿ ಖಾಲಿ ಕೋಣೆಯಲ್ಲಿ ಮೊದಲ ಬೆಂಚಿನ ಮೇಲೆ ಕೂತರು.

ಕರೆದದ್ದು ನಿಜ. ಹನ್ನೊಂದು ವರ್ಷದ ಹಿಂದಿನ ಮಾತು. ಬಿ ವಿಭಾಗದ ಆಗಿನ ಮೇಷ್ಟ್ರಿಗೆ ವರ್ಗವಾಗಿ, ಆಗಿನ ಮುಖ್ಯೋಪಾಧ್ಯಾಯರು ಇವರನ್ನು ಕರೆದು ಮೇಲಿನ ವಿಭಾಗ ತೆಗೆದುಕೊಳ್ಳಿ ಎಂದಿದ್ದರು. ಮೇಷ್ಟ್ರು ಕುಣಿಯುವಷ್ಟು ಖುಷಿಯಿಂದ ಮನೆಗೆ ಬಂದು, ಭಾನುವಾರ ಇದೇ ಪುಸ್ತಕದ ಹನ್ನೊಂದನೇ ಅಧ್ಯಾಯ ತೆರೆದು ಕೂತರು. ಹನ್ನೊಂದು ವರ್ಷ ಆ ಹಾಳೆಗಳನ್ನು ಮುಟ್ಟಿರಲಿಲ್ಲ. ಮೊದಲ ಲೆಕ್ಕ ಆಯಿತು, ಎರಡನೆಯದು ಹೇಗೋ ಆಯಿತು, ಮೂರನೆಯದಕ್ಕೆ ಅರ್ಧ ರಬ್ಬರು ಸವೆಯಿತು. ಇದನ್ನೇ ನಲವತ್ತು ಜನ ಜಾಣ ಮಕ್ಕಳ ಮುಂದೆ ಹಲಗೆಯ ಮೇಲೆ ಮಾಡಬೇಕು ಎಂದುಕೊಂಡಾಗ ಅಂಗೈ ಬೆವರಿತು. ಮಾರನೆಯ ದಿನ ಮುಖ್ಯೋಪಾಧ್ಯಾಯರ ಮುಂದೆ ನಿಂತಾಗ ಬಾಯಿಗೆ ಬಂದದ್ದು, ಈ ಮಕ್ಕಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ ಎಂಬ ಮಾತು. ಮುಖ್ಯೋಪಾಧ್ಯಾಯರ ಕಣ್ಣು ಒದ್ದೆಯಾಯಿತು. ಅಲ್ಲಿಂದ ಮುಂದೆ ವರ್ಷವರ್ಷವೂ ಶಾಲೆಯ ಸಮಾರಂಭದಲ್ಲಿ ಸಿ ಮೇಷ್ಟ್ರ ತ್ಯಾಗದ ಬಗ್ಗೆ ಯಾರಾದರೊಬ್ಬರು ಎರಡು ಮಾತಾಡುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿ ಕೂರುತ್ತಿದ್ದರು, ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಸತ್ಯ ಗೊತ್ತಿದ್ದದ್ದು ಹೆಂಡತಿಗೆ ಒಬ್ಬರಿಗೇ. ಆ ಭಾನುವಾರ ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಗುಡಿಸಿದ್ದವರು ಅವರೇ.

ಬೆಂಚಿನ ಮೇಲೆ ಕೂತ ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಮೂವತ್ತೆಂಟನ್ನು ಹೊಡೆದುಹಾಕಿ, ಕೊನೆಯ ಹಾಳೆಯ ಒಂದೊಂದು ಲೆಕ್ಕದ ಪಕ್ಕದಲ್ಲೂ ಗುರುತು ಹಾಕಿದರು. ಸುಲಭವಾಗಿ ಹಾಕಿದರು ಎಂದು ಯಾರೂ ತಿಳಿಯಬಾರದು. ಒಂದೊಂದು ಗುರುತಿಗೂ ಒಂದೊಂದು ಮಗು ಪಾಸಿನ ಗೆರೆಯಿಂದ ಕೆಳಕ್ಕೆ ಜಾರುವುದು ಅವರ ಕಣ್ಣಿಗೆ ಕಟ್ಟುತ್ತಿತ್ತು. ಕೂಡಿದಾಗ ಅರವತ್ತೇಳು ಬಂತು.

ಈಗಿನ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಇದು ಕಚ್ಚಾ ಕೆಲಸವಲ್ಲವೇ, ಇದಕ್ಕೆ ಅಂಕ ಕೊಡುವ ಪದ್ಧತಿ ಇಲ್ಲವಲ್ಲ ಎಂದರು. ಲೆಕ್ಕ ಸರಿಯಿದೆ ತಾನೇ ಎಂದರು ಮೇಷ್ಟ್ರು. ಇಪ್ಪತ್ತೆರಡು ವರ್ಷದಲ್ಲಿ ಇವರು ಪದ್ಧತಿ ಮುರಿದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ. ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿದರು. ಅವಳು ಹೋದರೆ ನಿಮ್ಮ ತರಗತಿಗೇ ಪೆಟ್ಟಲ್ಲವೇ ಎಂದು ಕೇಳಿದರು. ಮೇಷ್ಟ್ರು ಹೌದು ಎಂದರು. ದೊಡ್ಡ ಮೇಡಂ ಸಹಿ ಹಾಕಿದರು.

ಬುಧವಾರ ಪಟ್ಟಿ ಅಂಟಿಸಿದರು. ಹುಡುಗಿ ಪಟ್ಟಿ ನೋಡಿ ಬಂದು ಚೀಲಕ್ಕೆ ಪುಸ್ತಕ ತುಂಬಿಕೊಂಡಳು. ಮೇಷ್ಟ್ರ ಕಡೆ ತಿರುಗಲಿಲ್ಲ, ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ತರಗತಿ ಇಡೀ ದಿನ ಮುಖ ಊದಿಸಿಕೊಂಡು ಕೂತಿತ್ತು. ಮೂರನೇ ಪೀರಿಯಡ್ಡಿನಲ್ಲಿ, ಸರಿಯಾಗಿ ಪಂಪು ಶುರುವಾಗುವ ಹೊತ್ತಿಗೆ, ಬಿ ವಿಭಾಗದಿಂದ ಇಳಿದ ಉದ್ದ ಜಡೆಯ ಹುಡುಗಿಯೊಬ್ಬಳು ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು. ಹಾಗೆ ಬಂದವರಿಗೆಲ್ಲ ಮೇಷ್ಟ್ರು ಹೇಳುವ ಒಂದು ಮಾತಿತ್ತು. ಬಾಮ್ಮ, ಇಲ್ಲೂ ಅದೇ ಪುಸ್ತಕ, ಅದೇ ಹಲಗೆ. ಅವತ್ತು ಬಾಮ್ಮ ಎಂದಷ್ಟೇ ಅಂದರು. ಅದೇ ಪುಸ್ತಕ ಹೌದು, ಅರ್ಧ ಮಾತ್ರ. ಎರಡನೇ ಬೆಂಚಿನ ಮಕ್ಕಳು ಒತ್ತರಿಸಿಕೊಂಡು ಅವಳಿಗೆ ಜಾಗ ಬಿಟ್ಟರು.

ಮುಂದಿನ ಕಿರುಪರೀಕ್ಷೆಯಲ್ಲಿ ಸಿ ವಿಭಾಗದಲ್ಲಿ ಇಪ್ಪತ್ತನಾಲ್ಕು ಜನ ಪಾಸಾದರು. ಮೇಷ್ಟ್ರು ಈ ಸಲ ಒಂದೇ ಸಲ ಎಣಿಸಿದರು. ಹತ್ತು ನಿಮಿಷ ಮುಂಚೆ ಹೊರಡುವುದು ನಿಂತಿತು. ಹಿಮ್ಮಡಿ ನೋವು ಮೊದಲಿನಂತೆ ಮಧ್ಯಾಹ್ನದಿಂದಲೇ ಶುರುವಾಗುತ್ತಿತ್ತು. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರವಾಗುತ್ತದೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೋ ಏನೋ, ಅವರ ಮನಸ್ಸಂತೂ ಒಂದು ತೂಕವೂ ಇಳಿಯಲಿಲ್ಲ. ವರಾಂಡದಲ್ಲಿ ಆ ಹುಡುಗಿ ಎದುರಾದರೆ ಅವಳು ಗೋಡೆ ನೋಡುತ್ತಿದ್ದಳು, ಇವರು ಕೈಗಡಿಯಾರ ನೋಡುತ್ತಿದ್ದರು.

ಹೀಗೆ ಐದು ವಾರ ಕಳೆದವು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಷ್ಟ್ರು ಖಾಲಿ ತರಗತಿಯ ಮೊದಲ ಬೆಂಚಿನಲ್ಲಿ ಕೂತು ಡಬ್ಬಿ ಮುಚ್ಚುತ್ತಿದ್ದಾಗ ಅವಳು ಬಂದಳು. ಬಿ ವಿಭಾಗದ ಕಿರುಪರೀಕ್ಷೆಯ ಪತ್ರಿಕೆಯನ್ನು ಅವರ ಮುಂದಿಟ್ಟು ಕೈಕಟ್ಟಿ ನಿಂತಳು.

"ನಲವತ್ತು ಜನರಲ್ಲಿ ಮೂವತ್ತೇಳನೆಯವಳು," ಎಂದಳು. "ನಾನು ಮೊದಲೇ ಹೇಳಿದ್ದೆ."

ಇನ್ನೂ ಮೂರು ಜನ ನಿನ್ನ ಹಿಂದಿದ್ದಾರಲ್ಲ ಎಂದು ಮೇಷ್ಟ್ರು ನಗಿಸಲು ನೋಡಿದರು. ಅವಳು ನಗಲಿಲ್ಲ. ಪತ್ರಿಕೆಯ ತುಂಬ ತಪ್ಪುಗಳಿದ್ದವು. ಮೇಷ್ಟ್ರು ಒಂದೊಂದನ್ನೇ ನೋಡಿದರು. ಈ ಸಲದವು ಅವಳವೇ. ಹೆದರಿ ಮಾಡಿದ ತಪ್ಪು, ಅರ್ಧ ಗೊತ್ತಿದ್ದು ಮಾಡಿದ ತಪ್ಪು, ಆದರೂ ಬಿಡದೆ ಕೊನೆಯವರೆಗೆ ಹೋಗಿ ಮಾಡಿದ ತಪ್ಪು.

"ಒಂದು ಕೇಳ್ತೀನಿ, ನಿಜ ಹೇಳಿ ಸರ್," ಎಂದಳು. "ನೀವು ಇಲ್ಲೇ ಉಳಿದು ನನ್ನನ್ನ ಯಾಕೆ ಕಳಿಸಿದ್ರಿ? ನೀವು ಉಳಿದ್ರೆ ದೊಡ್ಡತನ, ನಾನು ಉಳಿದ್ರೆ ತಪ್ಪಾ?"

ಹೊರಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಸಮಾರಂಭದ ಮಾತನ್ನೇ ಇನ್ನೊಮ್ಮೆ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು, ಅವಳು ನಂಬುತ್ತಲೂ ಇದ್ದಳು. ಮೇಷ್ಟ್ರಿಗೆ ಅದನ್ನು ಹೇಳಿ ಹೇಳಿ ದಣಿವಾಗಿತ್ತು.

"ದೊಡ್ಡತನ ಅಲ್ಲಮ್ಮ," ಎಂದರು. "ಹೆದರಿಕೆ. ಆ ಪಾಠಗಳು ನನಗೂ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಹನ್ನೊಂದು ವರ್ಷ ಆಯ್ತು, ಇನ್ನೂ ಹೇಳಿಲ್ಲ."

ಹುಡುಗಿ ಅವರನ್ನೇ ನೋಡಿದಳು. ಕಟ್ಟಿದ್ದ ಕೈ ಬಿಟ್ಟಳು. ಪತ್ರಿಕೆಯನ್ನು ತಿರುಗಿಸಿ ನಾಲ್ಕನೇ ಪ್ರಶ್ನೆಯ ಮೇಲೆ ಬೆರಳಿಟ್ಟಳು. ವೃತ್ತದ ಹೊರಗಿನ ಒಂದು ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ಲೆಕ್ಕ. ಹನ್ನೊಂದನೇ ಅಧ್ಯಾಯ.

"ಇದು ಯಾಕೆ ತಪ್ಪು ಅಂತ ಗೊತ್ತಾಗ್ಲಿಲ್ಲ," ಎಂದಳು.

ಮೇಷ್ಟ್ರು ತಮ್ಮ ಪುಸ್ತಕವನ್ನು ತೆಗೆದು ಕಂದು ಅಂಚನ್ನು ದಾಟಿ ಬಿಳಿ ಹಾಳೆಗಳಿಗೆ ಬಂದರು. ಆ ಭಾನುವಾರದ ನಂತರ ಮುಚ್ಚಿಯೇ ಇದ್ದ ಅವು ಮತ್ತೆ ಒಂದಕ್ಕೊಂದು ಅಂಟಿಕೊಂಡಿದ್ದವು, ಉಗುರಿನಿಂದ ಬಿಡಿಸಬೇಕಾಯಿತು. ಲೆಕ್ಕವನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಅಂಗೈ ಬೆವರಿತು. ಅವರು ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದರು.

"ಕೂತ್ಕೋ," ಎಂದರು. "ನನಗೂ ಗೊತ್ತಿಲ್ಲ. ನೋಡೋಣ."